ಯಂತ್ರ ಕಾಯಂ, ಮನುಷ್ಯ ಗುತ್ತಿಗೆ

'ಸರ್ವರ್ ಇಲ್ಲ, ನಾಳೆ ಬರ್ರಿ' ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಈಗ ಮಳೆ ಬೆಳೆಯ ಮಾತಿನಷ್ಟೇ ಸಾಮಾನ್ಯವಾಗಿದೆ. ಪಹಣಿಗೆಂದು, ಜಾತಿ-ಆದಾಯದ ಪ್ರಮಾಣಪತ್ರಕ್ಕೆಂದು, ಪಡಿತರ ಚೀಟಿಯ ತಿದ್ದುಪಡಿಗೆಂದು ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಒಂದು ದಿನದ ಕೂಲಿ ಬಿಟ್ಟು ಬಂದವನು ಈ ಮಾತು ಕೇಳಿ, ಬಸ್ಸಿನ ಖರ್ಚನ್ನು ಮೈಮೇಲೆ ಹಾಕಿಕೊಂಡು ಹಿಂದಿರುಗುತ್ತಾನೆ. ಹಿಂದಿರುಗುವ ಮುನ್ನ ಕಿಟಕಿಯ ಒಳಗೆ ಕುಳಿತ ಕಂಪ್ಯೂಟರ್ ಆಪರೇಟರ್ ಹುಡುಗನಿಗೆ ನಾಲ್ಕು ಮಾತು ಅಂದು ಹೋಗುತ್ತಾನೆ. ಅಂದವನೂ ದುಡಿಯುವವನು, ಅನಿಸಿಕೊಂಡವನೂ ದುಡಿಯುವವನು. ಇವರಿಬ್ಬರ ನಡುವೆ ಜಗಳ ಹಚ್ಚಿ, ತಾನು ಕಣ್ಣಿಗೆ ಬೀಳದಂತೆ ಕುಳಿತ ಮೂರನೆಯವನೊಬ್ಬನಿದ್ದಾನೆ. ಅವನ ವಿಚಾರವನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ.

ಹತ್ತಿ ಜಿನ್ನಿನ ಕಾಮಗಾರನಿಗೂ ಗಂಜಿನ ಕಿರಾಣಿ ವ್ಯಾಪಾರಿಗೂ ಕಂಪ್ಯೂಟರ್ ವಿಭಾಗದ ಕಾರಭಾರದೊಂದಿಗೆ ಏನು ಸಂಬಂಧ ಎಂದು ಕೆಲವರು ಕೇಳಿಯಾರು. ಸಂಬಂಧವಿದೆ. ಮಿಲ್ಲಿನ ಹಾಜರಿ ಈಗ ಹೆಬ್ಬೆಟ್ಟಿನ ಯಂತ್ರದಲ್ಲಿದೆ. ಪಗಾರದ ಲೆಕ್ಕ ಯಂತ್ರದಲ್ಲಿದೆ. ಲಾರಿಯ ತೂಕದ ಚೀಟಿ, ಭವಿಷ್ಯನಿಧಿಯ ಖಾತೆ, ವ್ಯಾಪಾರಿಯ ಜಿಎಸ್‌ಟಿ, ರೈತನ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ಅದರೊಳಗೆ ಇಳಿದಿವೆ. ಹಿಂದೆ ಮುನೀಮನ ಕಿರ್ದಿ ಪುಸ್ತಕದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಸಾಲಗಾರನ ಬಾಳು ನಿಂತಿತ್ತು. ಇಂದು ಆ ಪುಸ್ತಕವನ್ನು ಕಾಯುವವನು ಕಂಪ್ಯೂಟರ್ ಕೋಣೆಯಲ್ಲಿ ಕುಳಿತವನು. ಅವನನ್ನು ಯಾರು ನೇಮಿಸುತ್ತಾರೆ, ಯಾರು ಪಗಾರ ಕೊಡುತ್ತಾರೆ, ತಪ್ಪಾದರೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ಮಾಲಕರಿಗೂ ಅಧಿಕಾರಿಗಳಿಗೂ ಬಿಟ್ಟು ನಾವು ಸುಮ್ಮನಿರುವುದು ಸರಿಯಲ್ಲ.

ಈ ಭಾಗದ ಹಿರಿಯರಿಗೆ ದಫ್ತರದ ಮಹಿಮೆಯನ್ನು ಹೊಸದಾಗಿ ಹೇಳಬೇಕಿಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮನ ಕಾಲದ ದಾಖಲೆಗಳು ಉರ್ದುವಿನಲ್ಲಿ. ಓದಬಲ್ಲವರು ಊರಿಗೆ ಒಬ್ಬಿಬ್ಬರು. ಹೊಲ ಉಳುವವನೊಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. 1954-55ರ ಖಾಸ್ರಾ ಪಹಣಿಯಲ್ಲಿ ಯಾರ ಹೆಸರು ಬಿತ್ತೆಂಬ ತಕರಾರು ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ನಡೆದುಬಂತು. ದಫ್ತರ ಯಾರ ವಶದಲ್ಲಿತ್ತೋ ಊರು ಅವರ ಮಾತು ಕೇಳುತ್ತಿತ್ತು.

ಈ ಗಂಟನ್ನು ಬಿಚ್ಚಲು ಕರ್ನಾಟಕ ಸರಕಾರ 2000ದ ಸುಮಾರಿಗೆ 'ಭೂಮಿ' ಯೋಜನೆಯನ್ನು ಕೈಗೊಂಡಿತು. 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ಭೂಮಾಲಕರ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿ, 15 ರೂಪಾಯಿಗೆ ಒಂದು ಪ್ರತಿ ಕೊಡುವ ಏರ್ಪಾಡಾಯಿತು. ಕೈಬರಹದ ಕಾಲದ ತಪ್ಪುಗಳು ಯಂತ್ರದೊಳಗೂ ಇಳಿದವು. ತಿದ್ದುಪಡಿಗಾಗಿ ಜನ ಇಂದಿಗೂ ಅಲೆಯುತ್ತಾರೆ. ಆದರೆ ಒಂದು ವಿಷಯದಲ್ಲಿ ಆ ಯೋಜನೆ ಮಾಡಿದವರನ್ನು ನಾವು ಮೆಚ್ಚಲೇಬೇಕು. ತಂತ್ರಾಂಶವನ್ನು ಬರೆದದ್ದು ಸರಕಾರದ್ದೇ ಆದ ಎನ್‌ಐಸಿ. ಕೇಂದ್ರಗಳಲ್ಲಿ ಕುಳ್ಳಿರಿಸಿದ್ದು ಸರಕಾರದ ನೌಕರರಾದ ಗ್ರಾಮಲೆಕ್ಕಿಗರನ್ನು. ಕೀಲಿಮಣೆ ಮುಟ್ಟಿ ಅರಿಯದವರಿಗೆ ತರಬೇತಿ ಕೊಟ್ಟು, ಅವರ ಬೆರಳಚ್ಚು ಇಲ್ಲದೆ ಯಂತ್ರ ತೆರೆಯದಂತೆ ಮಾಡಿದರು. ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದಕ್ಕೆ ಗುರುತು ಉಳಿಯಿತು. ಕಾಯಂ ನೌಕರ, ಅವನ ಹೆಸರು, ಅವನ ಹೊಣೆ.

ಇಷ್ಟು ಚೆನ್ನಾಗಿ ನಡೆದದ್ದನ್ನು ಮುಂದುವರಿಸಲು ಸರಕಾರಕ್ಕೆ ಮನಸ್ಸಾಗಲಿಲ್ಲ. 2006ರಲ್ಲಿ 'ನೆಮ್ಮದಿ' ಎಂಬ ಹೆಸರಿನಲ್ಲಿ ಹೋಬಳಿ ಮಟ್ಟದ ಸುಮಾರು 800 ಕೇಂದ್ರಗಳನ್ನು ತೆರೆದು, ನಡೆಸುವ ಕೆಲಸವನ್ನು ಖಾಸಗಿ ಕಂಪನಿಗಳ ಕೂಟವೊಂದಕ್ಕೆ ವಹಿಸಲಾಯಿತು. ಸರಕಾರಿ-ಖಾಸಗಿ ಪಾಲುದಾರಿಕೆ ಎಂದು ಆಗ ಅದಕ್ಕೆ ದೊಡ್ಡ ಹೆಸರು. 2012ರ ಹೊತ್ತಿಗೆ ಪಾಲುದಾರರನ್ನು ಕಳಿಸಿಕೊಟ್ಟು, ಕಂದಾಯ ಇಲಾಖೆಯೇ ನಾಡಕಚೇರಿಗಳಲ್ಲಿ 'ಅಟಲ್‌ಜೀ ಜನಸ್ನೇಹಿ ಕೇಂದ್ರ'ಗಳನ್ನು ತೆರೆಯಬೇಕಾಯಿತು. ಕೇಂದ್ರ ಸರಕಾರದ ಕೈಗೆ ಬಂತು. ಆದರೆ ಕೇಂದ್ರದಲ್ಲಿ ಕುಳಿತ ಆಪರೇಟರ್ ಬರಲಿಲ್ಲ. ಅವನನ್ನು ಹೊರಗುತ್ತಿಗೆಯವನಾಗಿಯೇ ಉಳಿಸಿಕೊಂಡರು. ಕಟ್ಟಡ ಸರಕಾರದ್ದು, ಕಂಪ್ಯೂಟರ್ ಸರಕಾರದ್ದು, ಕೊಡುವ ಕಾಗದದ ಮೇಲಿನ ಮುದ್ರೆ ಸರಕಾರದ್ದು, ಬರೆಯುವ ಮನುಷ್ಯ ಮಾತ್ರ ಏಜೆನ್ಸಿಯವನು.

ಈ ಏಜೆನ್ಸಿ ಎಂಬುದು ಏನು? ಟೆಂಡರ್ ಕರೆಯುತ್ತಾರೆ, ಆಳು ಪೂರೈಸುವ ಒಬ್ಬ ಗುತ್ತೇದಾರ ಹಿಡಿಯುತ್ತಾನೆ. ಸರಕಾರ ಅವನಿಗೆ ಬಿಲ್ಲು ಕೊಡುತ್ತದೆ. ಬಿಲ್ಲಿನಲ್ಲಿ ಅವನ ಸೇವಾಶುಲ್ಕ ಸೇರಿರುತ್ತದೆ, ಅದರ ಮೇಲೆ ಸಾಮಾನ್ಯವಾಗಿ ನೂರಕ್ಕೆ 18ರಂತೆ ಜಿಎಸ್‌ಟಿ. ಅನುದಾನ ಬಂದಿಲ್ಲವೆಂದು ಬಿಲ್ಲು ನಿಂತರೆ ಆಪರೇಟರನ ಪಗಾರವೂ ನಿಂತಿತು. ವರ್ಷ ಮುಗಿದು ಟೆಂಡರ್ ಬೇರೆಯವನಿಗೆ ಹೋದರೆ ಕುರ್ಚಿ ಅದೇ, ಹುಡುಗ ಅದೇ, ಕೆಲಸ ಅದೇ. ನೇಮಕಾತಿ ಪತ್ರ ಮಾತ್ರ ಹೊಸದು, ಸೇವೆ ಮತ್ತೆ ಒಂದರಿಂದ. ಹತ್ತು ವರ್ಷ ದುಡಿದವನೂ ಕಾಗದದಲ್ಲಿ ನಿನ್ನೆ ಬಂದವನೇ. ನಮ್ಮ ಮಿಲ್ ಕಾರ್ಮಿಕರಿಗೆ ಇದು ಎಲ್ಲೋ ಕಂಡ ಮುಖವೆನಿಸಬೇಕು. ಬಟ್ಟೆ ಗಿರಣಿಗಳ ಕಾಲದಲ್ಲಿ ಜಾಬರನೆಂಬವನಿದ್ದ. ಹಳ್ಳಿಯಿಂದ ಆಳು ತರುವವನು ಅವನೇ, ಕೆಲಸಕ್ಕೆ ಹಚ್ಚುವವನು ಅವನೇ, ಬಿಡಿಸುವವನೂ ಅವನೇ. ಪ್ರತಿ ಪಗಾರದಲ್ಲಿ ಅವನ ದಸ್ತೂರಿ. ಬಾಗಿಲ ಹೊರಗೆ ಬದಲಿ ಕಾಮಗಾರರ ಸಾಲು. ಸಂಘ ಕಟ್ಟಿ ಹೋರಾಡಿ ನಮ್ಮ ಹಿರಿಯರು ಆ ಜಾಬರನನ್ನು ಗಿರಣಿಯಿಂದ ಹೊರಗೆ ಹಾಕಿದರು. ಈಗ ಅವನು ಜಿಎಸ್‌ಟಿ ಸಂಖ್ಯೆ ತೆಗೆದುಕೊಂಡು, ಟೆಂಡರ್ ಫಾರಂ ತುಂಬಿ, ಸರಕಾರಿ ಕಚೇರಿಯ ಮುಂಬಾಗಿಲಿನಿಂದಲೇ ಒಳಗೆ ಬಂದಿದ್ದಾನೆ.

ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂಡುವ ಎಂಜಿನಿಯರರ ಪಾಡು ಬೇರೆ ಎಂದು ತಿಳಿಯಬೇಡಿರಿ. ಅವರಿಗೆ ಪಗಾರ ದೊಡ್ಡದು, ಆದರೆ ಸಾಲಿನ ನಿಯಮ ಒಂದೇ. ಕೆಲಸ ಹಚ್ಚದೆ ಕೂಡಿಸುವುದಕ್ಕೆ ಅಲ್ಲಿ 'ಬೆಂಚ್' ಎನ್ನುತ್ತಾರೆ. ನಾವು ಬದಲಿ ಎನ್ನುತ್ತಿದ್ದೆವು. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ 2025ರಲ್ಲಿ ವರ್ಷಕ್ಕೆ 35 ದಿನಕ್ಕಿಂತ ಹೆಚ್ಚು ಬೆಂಚಿನ ಮೇಲೆ ಇರಕೂಡದೆಂಬ ನಿಯಮ ತಂದಿತು. ಅದೇ ವರ್ಷದ ಜುಲೈಯಲ್ಲಿ ತನ್ನ ನೌಕರರಲ್ಲಿ ನೂರಕ್ಕೆ ಸುಮಾರು 2ರಷ್ಟು, ಅಂದರೆ 12,000ಕ್ಕೂ ಮಿಕ್ಕಿದ ಜನರನ್ನು ತೆಗೆಯುವುದಾಗಿ ಸಾರಿತು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ಸಿನ ಮೈಸೂರು ಆವರಣದಿಂದ ನೂರಾರು ತರಬೇತಿಯ ಹುಡುಗ ಹುಡುಗಿಯರನ್ನು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಹೊರಗೆ ಕಳಿಸಿದ ಸುದ್ದಿಯನ್ನು ಓದುಗರು ಮರೆತಿರಲಾರರು. ಈ ಕಂಪನಿಗಳಿಗೆ ಕರ್ನಾಟಕ ಸರಕಾರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಲೇ ಬಂದಿತು. 2014ರಲ್ಲಿ 5 ವರ್ಷಕ್ಕೆ ಕೊಟ್ಟು, ಆ ಬಳಿಕವೂ ಮುಂದುವರಿಸಿತು. ಇದನ್ನು ವಿರೋಧಿಸಿ ಕಂಪ್ಯೂಟರ್ ನೌಕರರೇ 2017ರಲ್ಲಿ ಕಟ್ಟಿಕೊಂಡ ಸಂಘ ಬೀದಿಗೆ ಇಳಿಯಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಹಳೆಯ ಕಾಯ್ದೆಯೇ ಹೋಯಿತು. ಹಳೆಯ ಕೇಂದ್ರ ಕಾಯ್ದೆಯಲ್ಲಿ 100 ಜನರಿದ್ದ ಕಾರ್ಖಾನೆಗೆ ಸ್ಥಾಯೀ ಆದೇಶ ಬೇಕಿತ್ತು. ಈಗ 300 ಜನರಿರಬೇಕು. ಕಂಪ್ಯೂಟರ್ ಕಂಪನಿಗೆಂದು ತೆರೆದ ಕಿಂಡಿಯಿಂದ ನಮ್ಮ ಜಿನ್ನು, ಅಕ್ಕಿ ಗಿರಣಿಗಳ ಮಾಲಕರೂ ಹೊರಬೀಳುತ್ತಿದ್ದಾರೆ.

ದೇವದುರ್ಗದಿಂದ ಪ್ರತಿ ವರ್ಷ ಗುಳೆ ಹೋಗುವ ನಮ್ಮ ಜನ ಬೆಂಗಳೂರಿನಲ್ಲಿ ಅಂಥ ಕಟ್ಟಡಗಳಿಗೆ ಮಣ್ಣು ಹೊತ್ತಿದ್ದಾರೆ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗವೂ ಮಾನ್ವಿಯೂ ಅದರಲ್ಲಿದ್ದವು. ರಾಯಚೂರಿನ ಹೆಸರಿನಲ್ಲೇ 2019ರಲ್ಲಿ ಐಐಐಟಿ ಹುಟ್ಟಿತಾದರೂ, ಮೊದಲ ವರ್ಷಗಳ ಪಾಠ ನಡೆದದ್ದು ತೆಲಂಗಾಣದಲ್ಲಿ, ಹೈದರಾಬಾದ್ ಐಐಟಿಯ ಆವರಣದಲ್ಲಿ! ಇರಲಿ.

ಗುತ್ತಿಗೆಯಿಂದ ಕೆಲಸ ಅಗ್ಗವಾಗಿ, ಚುರುಕಾಗಿ ನಡೆಯುತ್ತದೆಂಬುದು ಮಾಲಕರ ವಾದ. ಅದನ್ನು ಪರೀಕ್ಷಿಸೋಣ. 2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಸಹಕಾರಿ ಬ್ಯಾಂಕುಗಳ ಹಾಗೂ ಗ್ರಾಮೀಣ ಬ್ಯಾಂಕುಗಳ ಹಣ ಕಳಿಸುವ ವ್ಯವಸ್ಥೆ ನಿಂತುಹೋಯಿತು. ಇವೆಲ್ಲವುಗಳ ಕಂಪ್ಯೂಟರ್ ಕೆಲಸವನ್ನು ವಹಿಸಿಕೊಂಡಿದ್ದದ್ದು ಸಿ-ಎಡ್ಜ್ ಎಂಬ ಒಂದೇ ಕಂಪನಿ. ಕಳ್ಳರು ನುಗ್ಗಿ ಬೀಗ ಹಾಕಿ ಹಣ ಕೇಳುವ ತಂತ್ರಕ್ಕೆ ಅದು ಸಿಕ್ಕಿಬಿತ್ತೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕವನ್ನೇ ಕತ್ತರಿಸಿತು. ಅದಕ್ಕೆ ಕೆಲವೇ ದಿನ ಮೊದಲು, ಜುಲೈ 19ರಂದು, ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಕೆಟ್ಟ ತಿದ್ದುಪಡಿಯಿಂದ ಲೋಕದಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದು, ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೈಯಿಂದ ಚೀಟಿ ಬರೆದುಕೊಡಬೇಕಾಯಿತು. ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ 2022ರ ನವೆಂಬರಿನಲ್ಲಿ ದಾಳಿಯಾದಾಗ ರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕೈಬರಹದಲ್ಲಿ ನಡೆಸಿದರು. ನಮ್ಮ ರಾಜ್ಯದ ನೋಂದಣಿ ಇಲಾಖೆಯ 'ಕಾವೇರಿ 2.0' 2025ರ ಆರಂಭದಲ್ಲಿ ಇಂಥದೇ ದಾಳಿಗೆ ಸಿಕ್ಕಿ, ಹೊಲ ಮನೆಯ ರಿಜಿಸ್ಟ್ರಿ ಮಾಡಿಸಲು ಬಂದವರು ಬರಿಗೈಯಿಂದ ಮರಳಿದರು. ಯಂತ್ರ ಕೆಡುವುದನ್ನು ಯಾರೂ ಪೂರ್ತಿ ತಪ್ಪಿಸಲಾರರು. ಆದರೆ ಕೆಟ್ಟಾಗ ಅದನ್ನು ಬಲ್ಲ ಮನುಷ್ಯ ಕೋಣೆಯಲ್ಲಿ ಇರಬೇಕು. ಹನ್ನೊಂದು ತಿಂಗಳ ಕರಾರಿನ ಹುಡುಗನಿಗೆ ಆ ಯಂತ್ರದ ಒಳಗನ್ನು ಕಲಿಸುವವರು ಯಾರು? ಕಲಿತರೂ ಹನ್ನೆರಡನೆಯ ತಿಂಗಳು ಅವನು ಹೈದರಾಬಾದಿಗೆ ಹೋಗದೆ ಇಲ್ಲಿ ಏಕೆ ಉಳಿಯಬೇಕು?

ಇನ್ನೊಂದು ಕೆಟ್ಟ ರೂಢಿಯನ್ನು ಇಲ್ಲಿಯೇ ಹೇಳಬೇಕು. ಅಧಿಕಾರಿಯ ಡಿಜಿಟಲ್ ಸಹಿಯ ಕಡ್ಡಿಯೂ ಪಾಸ್‌ವರ್ಡೂ ಆಪರೇಟರನ ಕೈಗೆ ಹೋಗಿಬಿಡುವುದುಂಟು. ಸಾಹೇಬರಿಗೆ ಪುರಸತ್ತಿಲ್ಲ, 'ನೀನೇ ಒತ್ತಿಬಿಡು' ಎನ್ನುತ್ತಾರೆ. ಎಲ್ಲ ಸುಸೂತ್ರ ನಡೆದಾಗ ಹೆಸರು ಸಾಹೇಬರದು. ತಪ್ಪು ಹೊರಬಿದ್ದ ದಿನ ಪೊಲೀಸರು ಕೇಳುವುದು ಆಪರೇಟರ್ ಎಲ್ಲಿ ಎಂದು. 'ಭೂಮಿ'ಯಲ್ಲಿ ಬೆರಳಚ್ಚು ಇಟ್ಟದ್ದು ಇದನ್ನು ತಡೆಯುವುದಕ್ಕಲ್ಲವೆ?

ಕಾಯಂ ನೌಕರರೂ ಸುಖವಾಗಿಲ್ಲ. ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ಮುಷ್ಕರ ಹೂಡಿದರು. ಹತ್ತಾರು ಮೊಬೈಲ್ ಆ್ಯಪುಗಳಲ್ಲಿ ಕೆಲಸ ಮಾಡಿರೆಂದು ಮೇಲಿನಿಂದ ಹುಕುಂ. ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಕೂಡಲು ಕೋಣೆ ಇಲ್ಲವೆಂಬುದು ಅವರ ತಕರಾರು. ರಾಜಧಾನಿಯಲ್ಲಿ ಕುಳಿತವನು ಒಂದು ಹೊಸ ಆ್ಯಪನ್ನು ಹೊರಡಿಸಿ ಪ್ರಶಸ್ತಿ ಪಡೆಯುತ್ತಾನೆ. ಅದನ್ನು ತುಂಬುವ ಕೈಗಳನ್ನು ಅವನು ಎಣಿಸಿರುವುದಿಲ್ಲ.

ವ್ಯಾಪಾರಿ ಬಂಧುಗಳಿಗೆ ಈಗ ಎರಡು ಮಾತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ರಾಜ್ಯದ ಒಳಗಿನ ಸಾಗಣೆಗೂ ಇ-ವೇ ಬಿಲ್ಲು ಹಚ್ಚಿದ ಮೊದಲ ರಾಜ್ಯ ನಮ್ಮದೇ. ಇವೆಲ್ಲ ನಡೆಯುವ ಕಂಪ್ಯೂಟರ್ ಜಾಲದ ಒಡೆತನ ಜಿಎಸ್‌ಟಿಎನ್ ಎಂಬ ಕಂಪನಿಯದು. ಆರಂಭದಲ್ಲಿ ಅದರ ನೂರಕ್ಕೆ 51ರಷ್ಟು ಪಾಲು ಖಾಸಗಿ ಹಣಕಾಸು ಸಂಸ್ಥೆಗಳ ಕೈಯಲ್ಲಿತ್ತು; ಕೇಂದ್ರಕ್ಕೆ 24.5, ರಾಜ್ಯಗಳೆಲ್ಲಕ್ಕೂ ಕೂಡಿ 24.5. ದೇಶದ ಪ್ರತಿಯೊಬ್ಬ ವ್ಯಾಪಾರಿಯ ಕಿರ್ದಿ ಪುಸ್ತಕ ಖಾಸಗಿಯವರ ಕೈಗೆ ಹೋಗುವುದು ಸಲ್ಲದೆಂದು ಕೂಗೆದ್ದು, 2018ರ ಮೇ ತಿಂಗಳಲ್ಲಿ ಜಿಎಸ್‌ಟಿ ಮಂಡಳಿ ಅದನ್ನು ಪೂರ್ತಿ ಸರಕಾರಿ ಕಂಪನಿಯಾಗಿಸಲು ಒಪ್ಪಿತು. ಅಂದರೆ ದೊಡ್ಡವರಿಗೂ ಈ ಸತ್ಯ ಗೊತ್ತಿದೆ: ಲೆಕ್ಕದ ಪುಸ್ತಕ ಕಾಯುವ ಕೆಲಸವನ್ನು ಹೊರಗಿನವರಿಗೆ ಬಿಡಬಾರದು. ಆ ಸತ್ಯವನ್ನು ದಿಲ್ಲಿಯಲ್ಲಿ ಒಪ್ಪಿ ಮಾನ್ವಿಯಲ್ಲಿ ಮರೆಯುವುದೇಕೆ? ಗಂಜಿನ ಸಣ್ಣ ವ್ಯಾಪಾರಿ ತನ್ನ ಪಾಸ್‌ವರ್ಡನ್ನು ತಿಂಗಳಿಗೆ ಇಷ್ಟೆಂದು ಮಾತಾಡಿ ಹೊರಗಿನ ಲೆಕ್ಕಿಗನೊಬ್ಬನಿಗೆ ಕೊಟ್ಟು ಕೂಡುತ್ತಾನೆ. ಅವನು ತಡಮಾಡಿದರೆ ದಂಡ ವ್ಯಾಪಾರಿಗೆ. ದೊಡ್ಡ ಅಂಗಡಿಗಳಿಗೆ ಸ್ವಂತ ಕಂಪ್ಯೂಟರ್ ವಿಭಾಗವುಂಟು. ಇಪ್ಪತ್ತು ಸಣ್ಣ ಅಂಗಡಿಕಾರರು ಕೂಡಿ ಒಬ್ಬ ತಿಳಿದ ಹುಡುಗನನ್ನು ಕಾಯಂ ಪಗಾರದ ಮೇಲೆ ಇಟ್ಟುಕೊಳ್ಳಲು ಏನು ಅಡ್ಡಿ? ಹಮಾಲಿಯ ಲೆಕ್ಕಕ್ಕೆ, ಕಾವಲುಗಾರನಿಗೆ ಎಲ್ಲರೂ ಕೂಡಿ ಪಟ್ಟಿ ಹಾಕುವವರೇ ನಾವು.

ಮಿಲ್ ಕಾರ್ಮಿಕರಿಗೂ ಒಂದು ಸಂಗತಿ. ಭವಿಷ್ಯನಿಧಿಯ ಖಾತೆಗೆ 2014ರಿಂದ ಯುಎಎನ್ ಎಂಬ ಒಂದೇ ಸಂಖ್ಯೆ. ಆಧಾರದಲ್ಲಿ ಒಂದು ರೀತಿ, ಮಿಲ್ಲಿನ ಕಂಪ್ಯೂಟರಿನಲ್ಲಿ ಇನ್ನೊಂದು ರೀತಿ ಹೆಸರು ಬಿದ್ದಿದ್ದರೆ ನಿಮ್ಮ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ತಪ್ಪು ಹೊಡೆದವನು ಯಾವನೋ ಗುತ್ತಿಗೆಯ ಹುಡುಗ; ಅವನು ಬಿಟ್ಟು ಹೋಗಿ ವರ್ಷಗಳಾದವು. ಮಾಲಕನನ್ನು ಕೇಳಿದರೆ ಸಾಫ್ಟ್‌ವೇರಿನತ್ತ ಬೆರಳು ತೋರಿಸುತ್ತಾನೆ. ಆದಕಾರಣ ಕಂಪ್ಯೂಟರ್ ಕೋಣೆಯ ನೌಕರನೂ ನಿಮ್ಮ ಸಂಘದ ಸದಸ್ಯನಾಗಬೇಕೆಂದು ನಾವು ಹೇಳುತ್ತೇವೆ. ಅವನನ್ನು ಬಿಳಿ ಅಂಗಿಯವನೆಂದು ದೂರವಿಟ್ಟರೆ ಲಾಭ ಮಾಲಕನಿಗೆ.

ಕಾನೂನು ಏನನ್ನುತ್ತದೆ? ಇಲ್ಲಿ ಕರ್ನಾಟಕದ ಪಾಲು ದೊಡ್ಡದು, ಹೆಮ್ಮೆಪಡುವಂಥದಲ್ಲ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಿಂದ ದಿನಗೂಲಿಯ ಮೇಲೆ ದುಡಿದವರ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು 2006ರ ಏಪ್ರಿಲ್ 10ರಂದು ಉಮಾದೇವಿ ತೀರ್ಪು ಕೊಟ್ಟು, ಕ್ರಮಬದ್ಧ ನೇಮಕಾತಿಯಿಲ್ಲದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕಿಲ್ಲವೆಂದಿತು. ಹತ್ತು ವರ್ಷ ಮೀರಿದವರನ್ನು ಒಮ್ಮೆಗೆ ಪರಿಗಣಿಸಿರೆಂದೂ ಅದೇ ತೀರ್ಪು ಹೇಳಿತ್ತು. ಇಲಾಖೆಗಳು ಮೊದಲ ಭಾಗವನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆತವು. 2024ರ ಡಿಸೆಂಬರ್ 20ರಂದು ಜಗ್ಗೋ ಎಂಬವರ ಪ್ರಕರಣದಲ್ಲಿ ಅದೇ ಕೋರ್ಟು, ಕೇಂದ್ರ ಜಲ ಆಯೋಗದಲ್ಲಿ ಬಹುಕಾಲ ದುಡಿದ ಜಾಡಮಾಲಿ, ತೋಟದ ಕೆಲಸದವರನ್ನು ಕಾಯಂ ಮಾಡಲು ಆಜ್ಞಾಪಿಸಿ, ಉಮಾದೇವಿ ತೀರ್ಪನ್ನು ಶೋಷಣೆಯ ಗುರಾಣಿಯಾಗಿಸಬಾರದೆಂದು, ಹೊರಗುತ್ತಿಗೆಯ ಮರೆಯಲ್ಲಿ ಅಡಗಬಾರದೆಂದು ಎಚ್ಚರಿಸಿತು. ಹೊಸ ಸಂಹಿತೆಯಲ್ಲಿಯೂ ಒಂದು ಹಿಡಿಕೆಯಿದೆ: ಗುತ್ತೇದಾರ ಪಗಾರ ಕೊಡದಿದ್ದರೆ ಮುಖ್ಯ ಮಾಲಕನೇ ಕೊಡಬೇಕು; ಸರಕಾರಿ ಕಚೇರಿ ಮುಖ್ಯ ಮಾಲಕನಾಗಿರುವಲ್ಲಿಯೂ ಇದು ಅನ್ವಯ. ಆದರೆ ಹಿಂದೆ 20 ಆಳುಗಳಿದ್ದರೆ ಸಾಕಿತ್ತು, ಈಗ 50 ಬೇಕು. ತಾಲೂಕಿಗೊಬ್ಬ ಸಣ್ಣ ಗುತ್ತೇದಾರನೆಂದು ಟೆಂಡರನ್ನು ತುಂಡರಿಸಿದರೆ ಕಾನೂನು ಹೊಸ್ತಿಲಲ್ಲೇ ನಿಲ್ಲುತ್ತದೆ. ಟೆಂಡರನ್ನು ಹೇಗೆ ಕತ್ತರಿಸುತ್ತಾರೆಂಬುದನ್ನು ಜಿಲ್ಲೆಯ ಜನ ಕಣ್ಣಿಟ್ಟು ನೋಡಬೇಕು.

371(ಜೆ) ವಿಧಿಗಾಗಿ ಈ ಭಾಗ ಎಷ್ಟು ಹೋರಾಡಿತೆಂಬುದು ಎಲ್ಲರಿಗೂ ತಿಳಿದದ್ದು. 2013ರ ಆದೇಶದಂತೆ ಇಲ್ಲಿನ ಸ್ಥಳೀಯ ಹುದ್ದೆಗಳಲ್ಲಿ ಸಿ ವೃಂದದಲ್ಲಿ ನೂರಕ್ಕೆ 80, ಡಿ ವೃಂದದಲ್ಲಿ 85 ನಮ್ಮವರಿಗೆ ಮೀಸಲು. ಹುದ್ದೆಯೇ ಇಲ್ಲದಿದ್ದರೆ ಮೀಸಲು ಯಾವುದಕ್ಕೆ? ಕಾಯಂ ಹುದ್ದೆಯನ್ನು ಖಾಲಿ ಬಿಟ್ಟು ಅದೇ ಕೆಲಸವನ್ನು ಏಜೆನ್ಸಿಗೆ ಕೊಡುತ್ತ ಹೋದರೆ ಸಂವಿಧಾನದ ವಿಧಿ ಗೋಡೆಗೆ ತೂಗುಹಾಕಿದ ಚೌಕಟ್ಟಾಗುತ್ತದೆ.

ಕಂಪ್ಯೂಟರ್ ವಿದ್ಯೆ ದಿನಕ್ಕೊಂದು ರೂಪ ತಾಳುತ್ತದೆ, ಕಾಯಂ ಮಾಡಿದರೆ ನೌಕರ ಹಳಬನಾಗುತ್ತಾನೆ ಎಂಬ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿದೆ. ಲೇಖಣಿ ಹಿಡಿದಿದ್ದ ಗ್ರಾಮಲೆಕ್ಕಿಗ 2002ರಲ್ಲಿ ಕೀಲಿಮಣೆ ಕಲಿತ. ಕಲಿಸಿದರೆ ಇಂದಿನವನೂ ಕಲಿಯುತ್ತಾನೆ. ಎಲ್ಲರನ್ನೂ ಒಂದೇ ಏಟಿಗೆ ಕಾಯಂ ಮಾಡಲು ಬೊಕ್ಕಸದಲ್ಲಿ ಹಣವಿಲ್ಲವೆಂದಾದರೆ, ನಡುವಿನ ದಲಾಲಿಯನ್ನಾದರೂ ತೆಗೆಯಲಿ. ನೆರೆಯ ಬೀದರಿನಲ್ಲಿ ಹೊರಗುತ್ತಿಗೆ ನೌಕರರನ್ನು ಏಜೆನ್ಸಿಯ ಬದಲು ಸಹಕಾರ ಸಂಘದ ಮೂಲಕ ಪೂರೈಸುವ ಪದ್ಧತಿ ನಡೆದಿದೆ. ಅದನ್ನು ಬೇರೆ ಜಿಲ್ಲೆಗಳಿಗೂ ತರುವ ಮಾತನ್ನು ಕಾರ್ಮಿಕ ಇಲಾಖೆ ಆಡಿದೆ. ಸಂಘದ ಹೆಸರಿನಲ್ಲಿ ಹಳೆಯ ಗುತ್ತೇದಾರನೇ ಅಧ್ಯಕ್ಷನಾಗಿ ಬಾರದಂತೆ ನೋಡಿಕೊಂಡರೆ ನಾವು ಅದಕ್ಕೆ ಬೆಂಬಲ ಕೊಡುತ್ತೇವೆ. ಸದಸ್ಯರು ದುಡಿಯುವವರೇ ಆಗಿರಬೇಕು, ಪಗಾರ ತಿಂಗಳ ನಿಗದಿತ ದಿನ ನೇರ ಬ್ಯಾಂಕಿಗೆ ಬೀಳಬೇಕು, ಹಿಂದಿನ ವರ್ಷಗಳ ಸೇವೆ ಕೂಡಬೇಕು. ಸರ್ವರ್ ನಿಂತ ದಿನ ಬಂದವನಿಗೆ ಬಂದ ತಾರೀಖು ಹಾಕಿ ಕೈಬರಹದ ಸ್ವೀಕೃತಿ ಕೊಟ್ಟು, ಅರ್ಜಿಯ ಗಡುವನ್ನು ಆ ತಾರೀಖಿನಿಂದಲೇ ಎಣಿಸಬೇಕು. ಇದಕ್ಕೆ ಯಾವ ಹೊಸ ತಂತ್ರಾಂಶವೂ ಬೇಕಿಲ್ಲ, ಒಂದು ರಸೀತಿ ಪುಸ್ತಕ ಸಾಕು.

ರಾಯಚೂರು, ಮಾನ್ವಿ, ದೇವದುರ್ಗದ ಆಪರೇಟರ್ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಪ್ರತಿ ತಿಂಗಳ ಪಗಾರ ಚೀಟಿ, ಭವಿಷ್ಯನಿಧಿಯ ಪಾಸ್‌ಬುಕ್ಕಿನ ಪ್ರತಿ, ಹಾಜರಿಯ ನಕಲು, ಬದಲಾದ ಪ್ರತಿ ಏಜೆನ್ಸಿಯ ನೇಮಕಾತಿ ಪತ್ರ ಇವನ್ನು ಇಂದಿನಿಂದಲೇ ಒಂದು ಕಡೆ ಕೂಡಿಸಿಡಿರಿ. ಇವು ಕಚೇರಿಯ ಕಂಪ್ಯೂಟರಿನಲ್ಲಿ ಇದ್ದರೆ ಸಾಲದು. ಕಾಗದದ ಮೇಲೆ ತೆಗೆದು ಮನೆಯಲ್ಲಿಡಿರಿ. ಸಾಹೇಬರ ಪಾಸ್‌ವರ್ಡನ್ನು ಬಾಯಿಮಾತಿನ ಮೇಲೆ ಮುಟ್ಟಬೇಡಿರಿ, ಬರೆದು ಕೊಡಲು ಕೇಳಿರಿ. ಮುಂದಿನ ಟೆಂಡರ್ ಹೊರಡುವ ಮುನ್ನ ಮೂರೂ ಊರಿನವರು ಒಂದು ದಿನ ಕೂಡಿರಿ. ಮಿಲ್ ಕಾರ್ಮಿಕರ ಸಂಘದವರೂ ಗಂಜಿನ ವ್ಯಾಪಾರಿಗಳೂ ಆ ಸಭೆಗೆ ಬರಲೊಪ್ಪಿದರೆ ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯ ಮೇಲೆ ಕಿಟಕಿಯ ಎರಡೂ ಬದಿಯವರ ರುಜು ಬೀಳುತ್ತದೆ.